ಕ್ಷಾಮ ಎನ್ನುವ ಮೊದಲೇ ಮಾತಾಡುವುದು ಹೇಗೆ? ಹಸಿದವರಿಗೆ ನೆರವಾಗುವ ಸಂಸ್ಥೆಯಲ್ಲಿ ಕಮ್ಯುನಿಕೇಶನ್ಸ್ ಹೊಣೆ ಹೊತ್ತವರಿಗೆ

2011ರ ಜುಲೈ 20ರಂದು ದಕ್ಷಿಣ ಸೊಮಾಲಿಯಾದ ಎರಡು ಪ್ರದೇಶಗಳಲ್ಲಿ ಕ್ಷಾಮ ಇದೆ ಎಂದು ವಿಶ್ವಸಂಸ್ಥೆ ಘೋಷಿಸಿತು. ಆಮೇಲೆ ಟಿವಿಯವರು ಬಂದರು, ದುಡ್ಡು ಬಂತು, ವಿಮಾನಗಳೂ ಬಂದವು. ಎಲ್ಲ ಮುಗಿದ ಮೇಲೆ ಲೆಕ್ಕ ಹಾಕಿದರೆ ಸತ್ತವರು ಸುಮಾರು 2.6 ಲಕ್ಷ. ಅದರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ಇನ್ನೊಂದು ಲೆಕ್ಕ ಇದಕ್ಕಿಂತ ಕೆಟ್ಟದ್ದು: ಹತ್ತಿರ ಹತ್ತಿರ ಅರ್ಧ ಜನ ಆ ಘೋಷಣೆ ಆಗುವ ಹೊತ್ತಿಗೆ ಆಗಲೇ ಹೋಗಿಬಿಟ್ಟಿದ್ದರು. ಎಚ್ಚರಿಕೆ ಯಾರೂ ಕೊಡಲಿಲ್ಲ ಅಂತಲ್ಲ. ತಿಂಗಳುಗಟ್ಟಲೆ ವರದಿ ಮೇಲೆ ವರದಿ ಬಂದಿತ್ತು, ಓದುವವರು ಓದಿದ್ದರು, ಸುಮ್ನೆ ಇದ್ದರು.

ಅದೇ ಸೊಮಾಲಿಯಾದಲ್ಲಿ 2017ರಲ್ಲಿ ಮತ್ತೆ ಮಳೆ ಕೈಕೊಟ್ಟಿತು. ಆ ಸಲ ಕ್ಷಾಮ ಬರಬಹುದು ಎಂದಾಗಲೇ ದುಡ್ಡು ಹೊರಟಿತು. ಕ್ಷಾಮ ತಪ್ಪಿತು. ತಪ್ಪಿದ ಕ್ಷಾಮಕ್ಕೆ ಮುಖಪುಟ ಸಿಗುವುದಿಲ್ಲ, ಅದು ಬೇರೆ ಮಾತು.

ಈ ಎರಡು ವರ್ಷಗಳ ನಡುವಿನ ವ್ಯತ್ಯಾಸವೇ ನಮ್ಮ ಕೆಲಸ: ಪತ್ರಿಕೆ, ದಾನಿ, ಸರ್ಕಾರಗಳಿಗೆ ಮುಟ್ಟುವ ಹಾಗೆ, ಹೊತ್ತು ಮೀರುವ ಮೊದಲೇ ಹೇಳುವುದು. ನಾನು ರಾಯಚೂರು ಕಡೆಯವನು, ಪತ್ರಿಕೆಯಲ್ಲಿ ಕೆಲಸ ಮಾಡಿ ಆಮೇಲೆ ಈ ಲೋಕಕ್ಕೆ ಬಂದವನು, ಈಗ ನೈರೋಬಿಯಲ್ಲಿದ್ದೇನೆ. ಹೊಸದಾಗಿ ಇಂಥ ಹುದ್ದೆಗೆ ಸೇರುವವರು ಫೋನ್ ಮಾಡಿ "ಮೊದಲು ಏನು ಮಾಡಲಿ ಸರ್?" ಎಂದು ಕೇಳುತ್ತಾರೆ. ಪ್ರತಿ ಸಲ ಅದನ್ನೇ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲ ವಾರ: ಪದಗಳ ಏಣಿ ಹತ್ತಿ

ಕುರ್ಚಿಯಲ್ಲಿ ಕೂತ ತಕ್ಷಣ ಹೊಸ ಲೋಗೊ, ಹೊಸ ಘೋಷವಾಕ್ಯ ಎಂದು ಹೊರಡಬೇಡಿ. ಮೊದಲು ಐಪಿಸಿ ಕಲಿಯಿರಿ. ನಮ್ಮ ಹಳೆಯ ದಂಡಸಂಹಿತೆ ಅಲ್ಲ! ಆಹಾರದ ಕೊರತೆ ಎಷ್ಟು ಗಂಭೀರ ಎಂದು ಅಳೆಯುವ ಒಂದು ಏಣಿ. 2004ರಲ್ಲಿ ಸೊಮಾಲಿಯಾದ ಕೆಲಸಕ್ಕೆಂದೇ ಹುಟ್ಟಿದ್ದು, ಈಗ ಎಲ್ಲ ಕಡೆ ಬಳಸುತ್ತಾರೆ. ಐದು ಮೆಟ್ಟಿಲು. ಒಂದು ಪರವಾಗಿಲ್ಲ, ಎರಡು ಒತ್ತಡ, ಮೂರು ಬಿಕ್ಕಟ್ಟು, ನಾಲ್ಕು ತುರ್ತು ಸ್ಥಿತಿ, ಐದು ಕ್ಷಾಮ. ಐದನೆಯದು ಎನ್ನಬೇಕಾದರೆ ಸಾಮಾನ್ಯವಾಗಿ ಮೂರು ಗೆರೆ ದಾಟಿರಬೇಕು: ನೂರಕ್ಕೆ 20 ಮನೆಗಳಲ್ಲಿ ತಿನ್ನಲು ಏನೂ ಇಲ್ಲದಂಥ ಸ್ಥಿತಿ, ನೂರಕ್ಕೆ 30 ಮಕ್ಕಳಿಗೆ ತೀವ್ರ ಅಪೌಷ್ಟಿಕತೆ, ದಿನಕ್ಕೆ 10,000 ಜನರಲ್ಲಿ ಇಬ್ಬರ ಸಾವು. ಅಂದರೆ ಈ ಪದ ಸಿಗುವ ಹೊತ್ತಿಗೆ ಹೆಣಗಳನ್ನು ಎಣಿಸಿ ಆಗಿರುತ್ತದೆ. ಸೊಮಾಲಿಯಾ ಆದಮೇಲೆ 2017ರಲ್ಲಿ ದಕ್ಷಿಣ ಸುಡಾನ್, 2024ರಲ್ಲಿ ಸುಡಾನಿನ ಝಂಝಂ ನಿರಾಶ್ರಿತರ ಶಿಬಿರ, 2025ರ ಆಗಸ್ಟ್‌ನಲ್ಲಿ ಗಾಜಾ: ಹೀಗೆ ಬೆರಳೆಣಿಕೆಯಷ್ಟು ಸಲ ಮಾತ್ರ ಈ ಮೆಟ್ಟಿಲು ಮುಟ್ಟಿದೆ ಎಂದು ಹೇಳಿದ್ದಾರೆ.

ಈ ಏಣಿಗೆ ನಮ್ಮ ನೆಲದಲ್ಲೂ ಒಂದು ಬೇರು ಇದೆ. ಹಳೇ ಮೈಸೂರಿನವರು ಧಾತು ಈಶ್ವರದ ಬರ ಎನ್ನುವುದನ್ನು ಅಜ್ಜಿಯರ ಬಾಯಲ್ಲಿ ಕೇಳಿರಬಹುದು. 1876ರಿಂದ 78ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಹೋದರು. ಅದಾದ ಮೇಲೆ ಬ್ರಿಟಿಷರು ಆಯೋಗ ಮಾಡಿ, 1880ರ ದಶಕದಲ್ಲಿ ಕ್ಷಾಮ ಸಂಹಿತೆ ಎಂಬ ನಿಯಮಾವಳಿ ಬರೆದರು. ಯಾವ ಲಕ್ಷಣ ಕಂಡರೆ ಏನು ಮಾಡಬೇಕು ಎಂಬ ಪಟ್ಟಿ ಅದು. ಈಗಿನ ಮುನ್ನೆಚ್ಚರಿಕೆ ವ್ಯವಸ್ಥೆಗಳ ಮುತ್ತಜ್ಜ ಎನ್ನಬಹುದು. ಆದರೆ 1943ರಲ್ಲಿ ಬಂಗಾಳದಲ್ಲಿ ಜನ ಬೀದಿಯಲ್ಲಿ ಸಾಯುತ್ತಿದ್ದಾಗ ಸರ್ಕಾರ ಕ್ಷಾಮ ಎಂಬ ಪದ ಹೇಳಲೇ ಇಲ್ಲ. ಹೇಳಿದರೆ ಸಂಹಿತೆಯ ಪ್ರಕಾರ ಊಟ, ಕೂಲಿ ಕೊಡಬೇಕಾಗುತ್ತಿತ್ತು. ಕೊನೆಗೆ ಕಲ್ಕತ್ತಾದ ಸ್ಟೇಟ್ಸ್‌ಮನ್ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆಗಸ್ಟ್ 22ರಂದು ಫೋಟೊ ಅಚ್ಚು ಹಾಕಿದ ಮೇಲೆ ದೆಹಲಿ, ಲಂಡನ್ನಿನವರು ಬಾಯಿ ಬಿಡಬೇಕಾಯಿತು. ಪದ ಹೇಳುವುದಕ್ಕೆ ಸರ್ಕಾರಗಳು ಯಾಕೆ ಹೆದರುತ್ತವೆ ಎಂದು ಅರ್ಥವಾಯಿತಲ್ವಾ?

ನಮ್ಮಲ್ಲಿ ಇನ್ನೊಂದು ಗೊಂದಲ ಇದೆ. ಬರ ಎಂದರೆ ಮಳೆ ಇಲ್ಲದ್ದೂ ಹೌದು, ಜನ ಸಾಯುವುದೂ ಹೌದು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು. ಕ್ಷಾಮ ಬರಲಿಲ್ಲ, ಯಾಕೆಂದರೆ ರೇಷನ್ ಅಂಗಡಿ ತೆರೆದಿತ್ತು, ಉದ್ಯೋಗ ಖಾತ್ರಿ ಇತ್ತು, ದುಡಿಯಲು ಬೆಂಗಳೂರು ಇತ್ತು. ಕನ್ನಡದಲ್ಲಿ ಬರೆಯುವಾಗ ಮಳೆಯದ್ದಕ್ಕೆ ಬರ, ಐದನೇ ಮೆಟ್ಟಿಲಿಗೆ ಕ್ಷಾಮ ಎಂದು ಗಟ್ಟಿಯಾಗಿ ಹಿಡಿದುಕೊಳ್ಳಿ. ನೀವು ಮೂರನೇ ಮೆಟ್ಟಿಲಲ್ಲೇ ಕ್ಷಾಮ ಕ್ಷಾಮ ಎಂದು ಕೂಗಿದರೆ ಐದನೆಯದು ಬಂದಾಗ ಕೂಗಲು ಪದ ಉಳಿಯುವುದಿಲ್ಲ.

ಮೂರನೇ ಮೆಟ್ಟಿಲನ್ನು ಸುದ್ದಿ ಮಾಡುವುದು

ನಿಜವಾದ ಕಸರತ್ತು ಇಲ್ಲಿದೆ. ಮೂರನೇ ಮೆಟ್ಟಿಲಲ್ಲಿ ಯಾರೂ ಎಲುಬಿನ ಹಂದರ ಆಗಿರುವುದಿಲ್ಲ. ಫೋಟೊ ತೆಗೆದರೆ ಎಲ್ಲ ಸರಿ ಇರುವ ಹಾಗೇ ಕಾಣುತ್ತದೆ. "ಐಪಿಸಿ ಹಂತ 3ಕ್ಕೆ ಇಷ್ಟು ಜನ ಜಾರಿದ್ದಾರೆ" ಎಂದು ಪ್ರೆಸ್ ನೋಟ್ ಕಳಿಸಿದರೆ ಡೆಸ್ಕಿನಲ್ಲಿ ಕೂತವನು ಒಂದು ಗುಟುಕು ಟೀ ಕುಡಿದು ಡಿಲೀಟ್ ಮಾಡುತ್ತಾನೆ. ನಾನೂ ಡೆಸ್ಕಿನಲ್ಲಿದ್ದಾಗ ಅದನ್ನೇ ಮಾಡಿದ್ದೇನೆ.

ಹಂತ ಬಿಡಿ, ಮನೆಯಲ್ಲಿ ಏನು ಮಾರಿದರು ಎಂದು ಬರೆಯಿರಿ. ಮೂರರಲ್ಲಿ ಮೇಕೆ ಹೋಗುತ್ತದೆ, ಒಂದು ಹೊತ್ತಿನ ಊಟ ಹೋಗುತ್ತದೆ. ನಾಲ್ಕರಲ್ಲಿ ಬಿತ್ತನೆ ಬೀಜವನ್ನೇ ಬೇಯಿಸಿ ತಿನ್ನುತ್ತಾರೆ, ಮನೆಗೆ ಬೀಗ ಹಾಕಿ ಹೊರಡುತ್ತಾರೆ. ಬಿತ್ತನೆ ಬೀಜ ತಿಂದರು ಎಂದರೆ ರೈತರ ಮನೆಯಲ್ಲಿ ಹುಟ್ಟಿದ ಯಾರಿಗಾದರೂ ಮುಂದಿನದು ಹೇಳಬೇಕಾಗಿಲ್ಲ.

ಪೂರ್ವ ಆಫ್ರಿಕಾದ ದನಗಾಹಿ ಸೀಮೆಗಳಲ್ಲಿ ಮಾರುಕಟ್ಟೆ ಗಮನಿಸುವವರು ಒಂದು ಲೆಕ್ಕ ಇಟ್ಟಿರುತ್ತಾರೆ: ಒಂದು ಮೇಕೆ ಮಾರಿದರೆ ಎಷ್ಟು ಕಿಲೋ ಮೆಕ್ಕೆಜೋಳ ಬರುತ್ತದೆ? ಮಳೆ ಹೋದರೆ ಮೇಕೆ ಬಡಕಲಾಗುತ್ತದೆ, ಎಲ್ಲರೂ ಒಟ್ಟಿಗೆ ಮಾರಲು ಬರುತ್ತಾರೆ, ಮೇಕೆ ರೇಟು ಬೀಳುತ್ತದೆ. ಅದೇ ಹೊತ್ತಿಗೆ ಮೆಕ್ಕೆಜೋಳದ ರೇಟು ಏರುತ್ತದೆ. ಎರಡೂ ಕಡೆಯಿಂದ ಹೊಡೆತ. ಈ ಒಂದು ಸಂಖ್ಯೆ ತಿಂಗಳು ತಿಂಗಳು ಹೇಗೆ ಇಳಿಯಿತು ಎಂದು ಚಿಕ್ಕ ಗ್ರಾಫ್ ಮಾಡಿ ಕಳಿಸಿ. ಅಸ್ಥಿಪಂಜರದ ಫೋಟೊ ಇಲ್ಲದೆಯೂ ಆರ್ಥಿಕ ಪುಟದವರು ಎತ್ತಿಕೊಂಡಿದ್ದನ್ನು ನೋಡಿದ್ದೇನೆ. ಅಮರ್ತ್ಯ ಸೇನ್ 1981ರಲ್ಲೇ ಹೇಳಿದ್ದು ಇದನ್ನೇ ಅಲ್ವಾ: ಅಂಗಡಿಯಲ್ಲಿ ಕಾಳು ಇದ್ದರೂ ಕೊಳ್ಳುವ ಶಕ್ತಿ ಇಲ್ಲದಿದ್ದರೆ ಜನ ಸಾಯುತ್ತಾರೆ.

ಕ್ಯಾಲೆಂಡರ್ ವಿಷಯವೂ ಇಲ್ಲೇ ಬರುತ್ತದೆ. ಅಕ್ಟೋಬರ್ 16 ವಿಶ್ವ ಆಹಾರ ದಿನ. ಅವತ್ತು ಎಲ್ಲ ಸಂಸ್ಥೆಗಳೂ ಒಟ್ಟಿಗೆ ಮಾತಾಡುತ್ತವೆ, ಯಾರ ಮಾತೂ ಕೇಳಿಸುವುದಿಲ್ಲ. ನನ್ನ ಪ್ರಕಾರ ಅದಕ್ಕೆ ಒಂದು ಪೋಸ್ಟ್ ಸಾಕು, ಬಜೆಟ್ ಬೇಡ. ನಿಮ್ಮ ವರ್ಷದ ಯೋಜನೆಯನ್ನು ಮಳೆಗೆ ಕಟ್ಟಿ. ಪೂರ್ವ ಆಫ್ರಿಕಾದಲ್ಲಿ ಮಾರ್ಚ್‌ನಿಂದ ಮೇ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್ ಸಣ್ಣ ಮಳೆ, ನಮ್ಮ ಮುಂಗಾರು ಹಿಂಗಾರು ಇದ್ದ ಹಾಗೆ. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಾಹೆಲ್ ಸೀಮೆಯಲ್ಲಿ ಜೂನ್‌ನಿಂದ ಆಗಸ್ಟ್ ಕಣಜ ಖಾಲಿಯಾಗುವ ಕಾಲ. ಆಗಸ್ಟ್‌ಗೆ ಊಟ ಬೇಕಿದ್ದರೆ ದುಡ್ಡು ಫೆಬ್ರುವರಿಯಲ್ಲಿ ಸಿಗಬೇಕು, ಏಕೆಂದರೆ ಕಾಳು ಕೊಂಡು, ಹಡಗಿಗೇರಿಸಿ, ಲಾರಿಯಲ್ಲಿ ಮುಟ್ಟಿಸಲು ತಿಂಗಳುಗಳೇ ಬೇಕು. ಹಾಗಾದರೆ ನೀವು ಮಾತಾಡಬೇಕಾದ್ದು ಜನವರಿಯಲ್ಲಿ.

ಸಂಖ್ಯೆಗಳು

ಮೂರು ಸಂಖ್ಯೆಗಳನ್ನು ಜನ ಕಲಸಿಬಿಡುತ್ತಾರೆ. ವಿಶ್ವಸಂಸ್ಥೆಯ ಐದು ಸಂಸ್ಥೆಗಳು ಸೇರಿ ಮಾಡಿದ 2025ರ ವರದಿ ಪ್ರಕಾರ 2024ರಲ್ಲಿ ದಿನವೂ ಅರೆಹೊಟ್ಟೆಯಲ್ಲಿದ್ದವರು ಸುಮಾರು 67.3 ಕೋಟಿ. ಅದೇ ವರದಿಯಲ್ಲಿ ಒಂದಲ್ಲ ಒಂದು ರೀತಿ ಊಟದ ಚಿಂತೆ ಇದ್ದವರು ಸುಮಾರು 230 ಕೋಟಿ. ಬೇರೆ ಇನ್ನೊಂದು ವರದಿಯಲ್ಲಿ, ಯುದ್ಧ, ಬರ ಇತ್ಯಾದಿಯಿಂದ ತೀವ್ರ ಹಸಿವಿನಲ್ಲಿದ್ದವರು 53 ದೇಶಗಳಲ್ಲಿ 29.5 ಕೋಟಿ. ಮೂರೂ ಸರಿ, ಮೂರೂ ಬೇರೆ. ಕೂಡಿಸಬೇಡಿ, ಒಂದರ ಜಾಗದಲ್ಲಿ ಇನ್ನೊಂದು ಹಾಕಬೇಡಿ. ಒಂದು ಹಾಳೆಯಲ್ಲಿ ಸಂಖ್ಯೆ, ಅರ್ಥ, ವರ್ಷ, ಎಂದಿನವರೆಗೆ ಬಳಸಬಹುದು ಎಂದು ಬರೆದು ಎಲ್ಲರ ಮೇಜಿಗೂ ಅಂಟಿಸಿ. ಕನ್ನಡಕ್ಕೆ ಕಳಿಸುವಾಗ ಮಿಲಿಯನ್ ಅನ್ನು ನೀವೇ ಕೋಟಿ ಮಾಡಿ ಕಳಿಸಿ. ಇಲ್ಲದಿದ್ದರೆ 673 ಮಿಲಿಯನ್ ಎಂಬುದು 673 ಕೋಟಿ ಆಗಿ ಅಚ್ಚಾಗುವ ಅಪಾಯ ಇದೆ, ಅಂದರೆ ಭೂಮಿ ಮೇಲಿನ ಹತ್ತರಲ್ಲಿ ಎಂಟು ಜನ!

ಇನ್ನು ಜನರಿಗೆ ಸಂಖ್ಯೆ ಮುಟ್ಟುತ್ತದಾ? 2007ರಲ್ಲಿ ಅಮೆರಿಕದಲ್ಲಿ ಡೆಬೊರಾ ಸ್ಮಾಲ್ ಮತ್ತು ಜೊತೆಯವರು ಒಂದು ಪ್ರಯೋಗ ಮಾಡಿದರು. ಮಾಲಿ ದೇಶದ ಏಳು ವರ್ಷದ ಹುಡುಗಿ ರೊಕಿಯಾಳ ಕತೆ ಓದಿದವರು ಬರೀ ಅಂಕಿಅಂಶ ಓದಿದವರಿಗಿಂತ ಎರಡು ಪಟ್ಟು ಕೊಟ್ಟರು. ಕತೆಗೆ ಅಂಕಿಅಂಶ ಅಂಟಿಸಿದರೆ ಕೊಡುವುದು ಮತ್ತೆ ಇಳಿಯಿತು. ಹಾಗಾಗಿ ದಾನ ಕೇಳುವ ಪತ್ರದಲ್ಲಿ ಒಬ್ಬರೇ ಇರಲಿ. ಸರ್ಕಾರಕ್ಕೆ ಕೊಡುವ ಟಿಪ್ಪಣಿಯಲ್ಲಿ ಸಂಖ್ಯೆ ಮೊದಲು ಬರಲಿ. ಎರಡನ್ನೂ ಒಂದೇ ಪುಟದಲ್ಲಿ ತುರುಕಬೇಡಿ.

ಫೋಟೊ

ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ. ನಮ್ಮ ಕೆಲಸದಲ್ಲಿ ಮರ್ಯಾದೆ ಹೋಗುವುದೂ ಉಳಿಯುವುದೂ ಇಲ್ಲೇ.

ಹಸಿದವರ ಫೋಟೊ ತೆಗೆಯುವುದು ಹೊಸದೇನಲ್ಲ. ಮೇಲೆ ಹೇಳಿದ ಧಾತು ಈಶ್ವರದ ಬರದಲ್ಲೇ ಮದ್ರಾಸ್ ಕಡೆ ವಿಲಬಿ ಹೂಪರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಎಲುಬು ಕಾಣುವ ಜನರನ್ನು ಗುಂಪುಗುಂಪಾಗಿ ಕೂರಿಸಿ, ಜೋಡಿಸಿ ಫೋಟೊ ತೆಗೆದಿದ್ದ. 1993ರಲ್ಲಿ ಸುಡಾನಿನಲ್ಲಿ ಕೆವಿನ್ ಕಾರ್ಟರ್ ತೆಗೆದ ಮಗು ಮತ್ತು ರಣಹದ್ದಿನ ಚಿತ್ರ ಎಲ್ಲರಿಗೂ ಗೊತ್ತು. ಅದು ಅಚ್ಚಾದ ಮೇಲೆ ಓದುಗರು ಕೇಳಿದ್ದು ಒಂದೇ: ಆ ಮಗು ಏನಾಯಿತು? ಪತ್ರಿಕೆಯ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ನಿಮ್ಮ ಪ್ರತಿ ಫೋಟೊಗೂ ಈ ಪ್ರಶ್ನೆ ಹಾಕಿ. ಉತ್ತರ ಇಲ್ಲದಿದ್ದರೆ ಅದನ್ನು ಹೊರಗೆ ಬಿಡಬೇಡಿ.

ಒಪ್ಪಿಗೆ ಪತ್ರ ಎಲ್ಲ ಕಡೆ ಇರುತ್ತದೆ. ಇಂಗ್ಲಿಷಿನಲ್ಲಿ ಎರಡು ಪುಟ, ಕೆಳಗೆ ಹೆಬ್ಬೆಟ್ಟು. ಅದು ವಕೀಲರಿಗೆ ಸಮಾಧಾನ, ಅಷ್ಟೇ. ಉತ್ತರ ಕೆನ್ಯಾದ ತುರ್ಕಾನಾದಲ್ಲಿ ಒಂದು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆವು. ನರ್ಸ್ ಒಂದು ಮಗುವಿನ ತೋಳಿಗೆ ಅಳತೆ ಪಟ್ಟಿ ಸುತ್ತಿದರು. ನಮ್ಮ ಅಂಗನವಾಡಿಗಳಲ್ಲೂ ಇರುತ್ತದಲ್ಲ, ಹಸಿರು, ಹಳದಿ, ಕೆಂಪು ಬಣ್ಣದ್ದು, ಅದೇ. 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ಅತಿ ತೀವ್ರ ಅಪೌಷ್ಟಿಕತೆ, ನಮ್ಮ ಅಂಗನವಾಡಿ ಅಕ್ಕಂದಿರ ಭಾಷೆಯಲ್ಲಿ ಸ್ಯಾಮ್ ಮಗು. ಪಟ್ಟಿ ಕೆಂಪಿನಲ್ಲಿ ನಿಂತಿತು. ನಮ್ಮ ಫೋಟೊಗ್ರಾಫರ್ ಕ್ಯಾಮೆರಾ ಎತ್ತಿದ. ತಾಯಿ ತಕ್ಷಣ ಆಗಲಿ ಎಂದು ತಲೆಯಾಡಿಸಿದಳು. ಅನುವಾದ ಮಾಡುತ್ತಿದ್ದ ಹುಡುಗಿ ನನ್ನ ಕಿವಿಯಲ್ಲಿ ಹೇಳಿದಳು: "ಬೇಡ ಎಂದರೆ ಪೊಟ್ಟಣ ಕೊಡುವುದಿಲ್ಲ ಎಂದುಕೊಂಡಿದ್ದಾಳೆ."

ಕ್ಯಾಮೆರಾ ಚೀಲಕ್ಕೆ ಹೋಯಿತು. ಮೊದಲು ಪೊಟ್ಟಣ ಕೊಟ್ಟರು. 92 ಗ್ರಾಮಿನ, 500 ಕ್ಯಾಲರಿಯ ಶೇಂಗಾ ಪೇಸ್ಟ್ ಅದು. ನಾನೂ ಒಮ್ಮೆ ನೆಕ್ಕಿ ನೋಡಿದ್ದೇನೆ, ಶೇಂಗಾ ಉಂಡೆ ಅರೆದು ಹಾಲಿನ ಪುಡಿ ಬೆರೆಸಿದ ಹಾಗಿರುತ್ತದೆ. ವಾರಕ್ಕಾಗುವಷ್ಟು ಕೈಗೆ ಬಂದು, ಮುಂದಿನ ಭೇಟಿಯ ದಿನ ಚೀಟಿಯಲ್ಲಿ ಬರೆದು ಆದ ಮೇಲೆ ನಾವು ಮತ್ತೆ ಕೇಳಿದೆವು. ಈ ಸಲ ಫೋನಿನಲ್ಲಿ ನಮ್ಮ ಹಳೆಯ ಪೋಸ್ಟರ್ ತೋರಿಸಿ, ಹೀಗೆ ದೊಡ್ಡದಾಗಿ, ದೂರದ ಊರಿನ ಗೋಡೆ ಮೇಲೆ, ಗುರುತಿಲ್ಲದವರೆಲ್ಲ ನೋಡುತ್ತಾರೆ ಎಂದೆವು. ಆಕೆ ಬಹಳ ಹೊತ್ತು ನೋಡಿದಳು. ಆಮೇಲೆ ತಡಿಯಿರಿ ಎಂದು ಹೇಳಿ, ಗಂಟು ಬಿಚ್ಚಿ, ಮಗನ ಹರಿದ ಅಂಗಿ ತೆಗೆದು ಬೇರೆ ಅಂಗಿ ಹಾಕಿದಳು. ಎಂಜಲು ಹಚ್ಚಿ ಮುಖ ಒರೆಸಿದಳು. ಸ್ಟುಡಿಯೊದಲ್ಲಿ ಫೋಟೊ ತೆಗೆಸುವ ಮುಂಚೆ ನಮ್ಮಮ್ಮ ಮಾಡುತ್ತಿದ್ದದ್ದೂ ಅದನ್ನೇ.

ಫಂಡ್ ರೈಸಿಂಗ್ ಟೀಮಿನವರಿಗೆ ಹರಿದ ಅಂಗಿಯೇ ಬೇಕಿತ್ತು. ಜಗಳವಾಯಿತು. ಈ ಜಗಳ ನಿಮಗೂ ಬರುತ್ತದೆ, ಅವರನ್ನು ಕೆಟ್ಟವರು ಎಂದುಕೊಳ್ಳಬೇಡಿ. ಆ ಪೊಟ್ಟಣದ ದುಡ್ಡು ತರುವವರು ಅವರೇ. ಜಗಳ ಶುರುವಾಗುವ ಮುಂಚೆ ನಿಯಮ ಬರೆದು ನಿರ್ದೇಶಕರ ಸಹಿ ಹಾಕಿಸಿಟ್ಟುಕೊಳ್ಳಿ: ಸೇವೆ ಮೊದಲು, ಕ್ಯಾಮೆರಾ ಆಮೇಲೆ, ಅವರು ಬಯಸಿದ ಬಟ್ಟೆಯಲ್ಲೇ ಫೋಟೊ, ಬೇಡ ಎಂದು ಆಮೇಲೆ ಹೇಳಲು ಒಂದು ಸ್ಥಳೀಯ ಫೋನ್ ನಂಬರ್, ಪ್ರತಿ ಫೋಟೊಗೂ ಮುಗಿಯುವ ದಿನಾಂಕ.

ಕೊನೆಯದನ್ನು ಪೆಟ್ಟು ತಿಂದು ಕಲಿತೆ. ಹಿಂದೆ ನಾನಿದ್ದ ಒಂದು ಸಂಸ್ಥೆಯಲ್ಲಿ ನಾಲ್ಕು ವರ್ಷ ಹಳೆಯ ಫೋಟೊವನ್ನು ಬೇರೊಂದು ದೇಶದ ಮನವಿಗೆ ಹಾಕಿಬಿಟ್ಟೆವು. ಫೈಲಿನ ಹೆಸರು ತಪ್ಪಿತ್ತು, ನಾನೂ ಓಕೆ ಎಂದಿದ್ದೆ. ಚಿತ್ರದಲ್ಲಿದ್ದ ಹುಡುಗಿಯ ಅಣ್ಣ ಫೇಸ್‌ಬುಕ್‌ನಲ್ಲಿ ನೋಡಿ ಬರೆದ: ನನ್ನ ತಂಗಿ ಈಗ ಶಾಲೆಗೆ ಹೋಗುತ್ತಾಳೆ, ನೀವು ಹೇಳುವ ದೇಶವನ್ನು ನಾವು ಕಂಡೇ ಇಲ್ಲ. ಅವನಿಗೆ ಉತ್ತರ ಬರೆಯಲು ನನಗೆ ಎರಡು ದಿನ ಹಿಡಿಯಿತು.

ಸರ್ಕಾರದ ಮುಂದೆ ಬಾಯಿ

2021ರ ಸೆಪ್ಟೆಂಬರ್ 30ರಂದು ಇಥಿಯೋಪಿಯಾ ಸರ್ಕಾರ ವಿಶ್ವಸಂಸ್ಥೆಯ ಏಳು ಹಿರಿಯ ಅಧಿಕಾರಿಗಳಿಗೆ 72 ಗಂಟೆಯೊಳಗೆ ದೇಶ ಬಿಡಿ ಎಂದಿತು. ದೇಶದ ಉತ್ತರದ ಟಿಗ್ರೇ ಪ್ರಾಂತ್ಯದಲ್ಲಿ ಯುದ್ಧ, ಹಸಿವು ಎರಡೂ ಇದ್ದ ಹೊತ್ತು ಅದು. ಮಾತಾಡಿದರೆ ವೀಸಾ ಹೋಗಬಹುದು, ಲಾರಿ ನಿಲ್ಲಬಹುದು. ಮಾತಾಡದಿದ್ದರೆ 1943ರ ಬಂಗಾಳ. ಸೂತ್ರ ಯಾವುದೂ ಇಲ್ಲ. ಆದರೆ ಬೇರೆ ದೇಶದಲ್ಲಿ ಕೂತ ನೀವು ಟ್ವೀಟ್ ಮಾಡುತ್ತೀರಿ, ಪೊಲೀಸರು ಬಾಗಿಲು ತಟ್ಟುವುದು ಅಲ್ಲಿನ ಡ್ರೈವರ್ ಮನೆಯದ್ದು. ಹಾಗಾಗಿ ಕಂಟ್ರಿ ಆಫೀಸಿನ ಮುಖ್ಯಸ್ಥರ ಜೊತೆ ಫೋನಿನಲ್ಲಿ ಮಾತಾಡದೆ, ಮೇಲ್ ಅಲ್ಲ, ಫೋನಿನಲ್ಲಿ, ಏನನ್ನೂ ಬಿಡುಗಡೆ ಮಾಡಬೇಡಿ. ಅವರು ಬೇಡ ಎಂದರೆ ಕಾರಣ ಮತ್ತು ದಿನಾಂಕ ಬರೆದಿಡಿ, ಎರಡು ವಾರ ಬಿಟ್ಟು ಮತ್ತೆ ಕೇಳಿ. ಸುಮ್ಮನಿರುವುದೂ ಒಂದು ತೀರ್ಮಾನ, ಯಾರೋ ಒಬ್ಬರು ಅದಕ್ಕೆ ಹೊಣೆ ಹೊತ್ತಿರಬೇಕು.

ಮತ್ತು ಸಹಿಗಳ ಕತೆ. ಕೆಲವು ಕಡೆ ಒಂದು ಪ್ಯಾರಾ ಹೇಳಿಕೆಗೆ ಏಳು ಜನ ಓಕೆ ಎನ್ನಬೇಕು, ಅಷ್ಟರಲ್ಲಿ ಸುದ್ದಿ ಹಳಸಿರುತ್ತದೆ. ಮೂವರಿಗೆ ಇಳಿಸಿ. ಎರಡು ಗಂಟೆಯಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಎಂದೇ ಲೆಕ್ಕ ಎಂದು ಬರೆಸಿಕೊಳ್ಳಿ.

ಕೆಟ್ಟ ದಿನ

ಬರುತ್ತದೆ. ಕಾಳು ಕಳುವಾಗುತ್ತದೆ, ಇಲ್ಲಾ ನಮ್ಮವರು ಸಾಯುತ್ತಾರೆ. 2023ರಲ್ಲಿ ಇಥಿಯೋಪಿಯಾದಲ್ಲಿ ನೆರವಿನ ಕಾಳು ಬೇರೆ ಕಡೆ ಹೋಗುತ್ತಿದೆ ಎಂದು ಗೊತ್ತಾಗಿ ವಿಶ್ವ ಆಹಾರ ಕಾರ್ಯಕ್ರಮವೂ ಅಮೆರಿಕದ ನೆರವು ಸಂಸ್ಥೆಯೂ ಜೂನ್‌ನಲ್ಲಿ ದೇಶದಾದ್ಯಂತ ಹಂಚಿಕೆ ನಿಲ್ಲಿಸಿದವು. ಕಳ್ಳತನ ಆಗಿದ್ದರೆ ನೀವೇ ಮೊದಲು ಹೇಳಿ, ಎಷ್ಟು ಗೊತ್ತೋ ಅಷ್ಟೇ ಹೇಳಿ. ಸಾವು ಆಗಿದ್ದರೆ ಮನೆಯವರಿಗೆ ಮೊದಲು. ವಾಟ್ಸಾಪ್ ನಿಮಗಿಂತ ವೇಗ, ಅದಕ್ಕೇ ಪ್ರತಿ ಸಿಬ್ಬಂದಿಯ ಮನೆಯ ನಂಬರ್, ಅವರ ಭಾಷೆ ಮಾತಾಡುವ ಒಬ್ಬರ ಹೆಸರು ಇವತ್ತೇ ಬರೆದಿಟ್ಟಿರಿ. ಸ್ಥಳೀಯ ಸಿಬ್ಬಂದಿಗೂ ವಿದೇಶಿಯರಿಗೂ ಒಂದೇ ಉದ್ದದ ಹೇಳಿಕೆ ಬರಲಿ. ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಆಫೀಸಿನಲ್ಲಿ ಎಲ್ಲರೂ ಸಾಲು ಎಣಿಸುತ್ತಾರೆ.

ಸಾಲಿನಲ್ಲಿ ನಿಂತವರಿಗೆ

ದಾನಿಗಳಿಗೆ, ಪತ್ರಕರ್ತರಿಗೆ, ಸರ್ಕಾರಕ್ಕೆ ಹೇಳಿ ಮುಗಿಸಿ, ಊಟಕ್ಕೆ ಕಾಯುತ್ತಿರುವವರಿಗೆ ಹೇಳುವುದನ್ನೇ ಮರೆಯುವ ಕಮ್ಯುನಿಕೇಶನ್ಸ್ ವಿಭಾಗಗಳು ತುಂಬಾ ಇವೆ. ದುಡ್ಡು ಕಡಿಮೆಯಾದ ಈ ಕಾಲದಲ್ಲಿ ನೀವು ಜಾಸ್ತಿ ಬರೆಯಬೇಕಾಗುವುದು ರೇಷನ್ ಕಡಿತದ ಸುದ್ದಿ. 2023ರಲ್ಲಿ ನಮ್ಮಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಅಕ್ಕಿ ಬದಲು ಕಿಲೋಗೆ 34 ರೂಪಾಯಿಯಂತೆ ಖಾತೆಗೆ ಹಾಕಿದರು. ನಮ್ಮೂರಿನ ನ್ಯಾಯಬೆಲೆ ಅಂಗಡಿ ಮುಂದೆ ಆ ತಿಂಗಳು ನಡೆದ ಮಾತುಕತೆ ಕೇಳಿದ್ದರೆ ನಿಮಗೆ ಗೊತ್ತಿರುತ್ತದೆ, ಜನ ಸಿಟ್ಟಾಗುವುದು ಕಡಿಮೆಯಾಯಿತು ಅಂತ ಮಾತ್ರ ಅಲ್ಲ, ನಮಗೆ ಯಾರೂ ಹೇಳಲಿಲ್ಲವಲ್ಲ ಅಂತ.

ನಿರಾಶ್ರಿತರ ಶಿಬಿರದಲ್ಲಿ ಕಡಿತ ಆಗುವುದಾದರೆ ಪತ್ರಿಕಾ ಹೇಳಿಕೆಗೆ ಮುಂಚೆ ಅಲ್ಲಿನ ರೇಡಿಯೊಗೆ, ಮೈಕಿಗೆ, ಹಂಚುವ ಜಾಗದ ಬೋರ್ಡಿಗೆ ಹೋಗಲಿ. ಅಲ್ಲಿನ ಭಾಷೆಗಳಲ್ಲೇ ಇರಲಿ. ಮೈಕಿನಲ್ಲಿ ಓದುವ ಮೊದಲು, ಆ ಕೆಲಸಕ್ಕೆ ಸಂಬಂಧವಿಲ್ಲದ ಒಬ್ಬರ ಮುಂದೆ ಓದಿ ನೋಡಿ.

ನಾವು ಒಮ್ಮೆ ಮೂರು ದಿನ ತಿದ್ದಿ ತೀಡಿದ ಪ್ರಕಟಣೆಯನ್ನು ಶಿಬಿರದ ಆಫೀಸಿನಲ್ಲಿ ಚಹಾ ಮಾಡುವ ಅಮ್ಮನ ಮುಂದೆ ಓದಿದೆವು. ಆಕೆಯೂ ಅದೇ ಶಿಬಿರದವರು, ಅದೇ ಸಾಲಿನಲ್ಲಿ ನಿಲ್ಲುವವರು. ಜಾಗತಿಕ ನಿಧಿ ಕೊರತೆ, ಅನಿವಾರ್ಯ ಹೊಂದಾಣಿಕೆ, ನಮ್ಮ ಬದ್ಧತೆ ಎಲ್ಲ ಇತ್ತು ಅದರಲ್ಲಿ. ಆಕೆ ಕೈ ಒರೆಸಿಕೊಂಡು ಪೂರ್ತಿ ಕೇಳಿದರು. "ಸರಿ. ಯಾವತ್ತಿಂದ?" ಎಂದರು.

ಹಾಳೆ ತಿರುವಿ ನೋಡಿದರೆ ತಾರೀಖು ಎರಡನೇ ಪುಟದ ಕೊನೆಯಲ್ಲಿತ್ತು. ಮೊದಲ ಸಾಲಿಗೆ ತಂದೆವು, ಪಕ್ಕದಲ್ಲಿ ಒಬ್ಬರಿಗೆ ಎಷ್ಟು ಕಿಲೋ ಎಂದು ಹಾಕಿದೆವು. ಉಳಿದದ್ದರಲ್ಲಿ ಮುಕ್ಕಾಲು ಭಾಗ ಹೊಡೆದು ಹಾಕಿದೆವು.